ಒಂದೇ ಜನರೇಟರ್, ಮನೆಗೂ ಕ್ಯಾಂಪರ್‌ಗೂ: ನಲವತ್ತು ದಿನದ ಲಾಗ್

ಈ ಲಾಗ್ ಶುರುವಾಗಿದ್ದು ಕತ್ತಲಲ್ಲಿ, ಫೋನಿನ ಟಾರ್ಚ್ ಬೆಳಕಲ್ಲಿ. ಕರೆಂಟ್ ಹೋಗಿ ಒಂಬತ್ತು ಗಂಟೆ ಆಗಿತ್ತು. ಮನೆಯ ಯುಪಿಎಸ್ ಐದನೇ ಗಂಟೆಗೇ ಕೈಕೊಟ್ಟಿತ್ತು. ಫ್ರೀಜರ್ ಬಾಗಿಲ ಕೆಳಗಿಂದ ನೀರು ಒಸರುತ್ತಿತ್ತು. ಹೊರಗೆ ನಿಂತಿದ್ದ, ಪ್ರವಾಸದಲ್ಲಿ ಒಳಗೇ ಉಳಿದುಕೊಳ್ಳುವ ಕ್ಯಾಂಪರ್ ವ್ಯಾನಿನ 100 ಆಂಪ್-ಅವರ್ ಬ್ಯಾಟರಿಯನ್ನೂ ಹಿಂದಿನ ವಾರದ ಪ್ರಯಾಣದಲ್ಲೇ ಖಾಲಿ ಮಾಡಿಟ್ಟಿದ್ದೆ. ಎರಡಕ್ಕೂ ಆಗುವ ಒಂದು ಜನರೇಟರ್ ತಗೊಂಡುಬಿಡೋಣ ಅಂತ ಅವತ್ತು ತೀರ್ಮಾನ ಮಾಡಿದೆ. ಎರಡು ದಿನದ ಕೆಲಸ ಅಂದುಕೊಂಡಿದ್ದೆ. ನಲವತ್ತು ದಿನ ಹಿಡಿಯಿತು.

ದಿನ 1: ತಪ್ಪು ಲೆಕ್ಕ

ಪ್ರತಿ ಸಾಮಾನಿನ ಹಿಂದಿನ ಲೇಬಲ್ ನೋಡಿ ವ್ಯಾಟ್ ಬರೆದುಕೊಂಡೆ. ಫ್ರಿಜ್ 250, ನೀರಿನ ಪಂಪ್ 750, ಕ್ಯಾಂಪರ್ ಛಾವಣಿಯ ಏಸಿ 1500, ಮೈಕ್ರೋವೇವ್ 1150, ಬ್ಯಾಟರಿ ಚಾರ್ಜರ್ 350, ಫ್ಯಾನು ಲೈಟು 200, ಲ್ಯಾಪ್‌ಟಾಪ್ ರೌಟರ್ ಸೇರಿ 100. ಕೂಡಿಸಿದರೆ 4300. ಹಾಗಾದರೆ 5 ಕೆವಿಎ (ಸಾವಿರ ವೋಲ್ಟ್-ಆಂಪ್, ಜನರೇಟರ್ ಗಾತ್ರದ ಅಳತೆ) ಬೇಕು ಅಂತ ಕೆಳಗೆ ಎರಡು ಗೆರೆ ಎಳೆದೆ.

ಇದರಲ್ಲಿ ಎರಡು ತಪ್ಪಿತ್ತು. ಒಂದು ಮೂರ್ಖತನದ್ದು, ಒಂದು ಗೊತ್ತಿಲ್ಲದ್ದು. ಮೂರ್ಖತನದ್ದು ನನ್ನ ಮಗಳು ಹಿಡಿದಳು. ಮನೆಯ ಪಂಪು, ಕ್ಯಾಂಪರಿನ ಏಸಿ ಎರಡೂ ಒಟ್ಟಿಗೆ ಯಾವಾಗ ಓಡುತ್ತವೆ? ಯಾವಾಗಲೂ ಇಲ್ಲ. ನಾವು ಮನೆಯಲ್ಲಿರುತ್ತೇವೆ, ಇಲ್ಲಾ ಕ್ಯಾಂಪರಿನಲ್ಲಿರುತ್ತೇವೆ. ಎರಡು ಪಟ್ಟಿ ಮಾಡಬೇಕಾದಲ್ಲಿ ಒಂದೇ ಪಟ್ಟಿ ಮಾಡಿದ್ದೆ.

ಎರಡನೇ ತಪ್ಪು ಸ್ಟಾರ್ಟಿಂಗ್ ಕರೆಂಟಿನದು. ಲೇಬಲ್ ಹೇಳುವುದು ಓಡುವಾಗಿನ ಲೆಕ್ಕ. ಮೋಟಾರ್, ಕಂಪ್ರೆಸರ್ ಇರುವ ಸಾಮಾನು ಹೊರಡುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತೆ. ಇದು ಆಮೇಲೆ ಗೊತ್ತಾಯಿತು. ದುಬಾರಿಯಾಗಿಯೇ ಗೊತ್ತಾಯಿತು.

ದಿನ 4: ಎರವಲು ತಂದ ದೈತ್ಯ

ಖರೀದಿಗೆ ಮೊದಲು ನೋಡೋಣ ಅಂತ ಒಬ್ಬ ಗೆಳೆಯನ 5 ಕೆವಿಎ ಜನರೇಟರ್ ತಂದೆ. ತೆರೆದ ಕಬ್ಬಿಣದ ಫ್ರೇಮು, ಮೇಲೆ ದೊಡ್ಡ ಟ್ಯಾಂಕು. ತೂಕ ಸುಮಾರು 80 ಕೆಜಿ. ವ್ಯಾನಿನಿಂದ ಇಳಿಸಲು ಇಬ್ಬರು ಬೇಕಾಯಿತು. ಅಲ್ಲೇ ನನಗೆ ಪಾಠ ಆಗಬೇಕಿತ್ತು. ಆಗಲಿಲ್ಲ.

ಲೇಬಲ್ ಸರಿಯಾಗಿ ಓದಿದರೆ 5 ಕೆವಿಎ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಪವರ್ ಫ್ಯಾಕ್ಟರ್ 0.8 ಅಂತ ಇತ್ತು. ಅಂದರೆ ಕೈಗೆ ಸಿಗುವುದು 4 ಕಿಲೋವ್ಯಾಟ್.

ಪಂಪ್ ಹಾಕಿದೆ. ಒಮ್ಮೆ ಗುಯ್ ಅಂದು ಎಂಜಿನ್ ಕುಗ್ಗಿತು, ಪಂಪ್ ಓಡಿತು. ಖುಷಿಯಾಯಿತು. ಆಮೇಲೆ ಯುಪಿಎಸ್ ಜೋಡಿಸಿದೆ. ಅದು ಟಿಕ್ ಅಂದು ಮೇನ್ಸ್ ಒಪ್ಪಿಕೊಳ್ಳುತ್ತೆ, ಎರಡು ಸೆಕೆಂಡಿಗೆ ಟಿಕ್ ಅಂದು ವಾಪಸ್ ಬ್ಯಾಟರಿಗೆ ಹೋಗುತ್ತೆ. ಟಿಕ್, ಟಿಕ್, ಟಿಕ್. ಅರ್ಧ ಗಂಟೆ ವಯರ್ ಅಲ್ಲಾಡಿಸಿದೆ. ಕೊನೆಗೆ ಮಲ್ಟಿಮೀಟರಿನಲ್ಲಿ ಫ್ರೀಕ್ವೆನ್ಸಿ ನೋಡಿದರೆ 52.6 ಹರ್ಟ್ಜ್. ಮೇನ್ಸ್‌ನದು 50.

ಕಾರಣ ಸರಳ. ಈ ತರಹದ ಯಂತ್ರದಲ್ಲಿ ಎಂಜಿನ್ ವೇಗವೇ ಫ್ರೀಕ್ವೆನ್ಸಿ. ನಿಮಿಷಕ್ಕೆ 3000 ಸುತ್ತು ಅಂದರೆ 50 ಹರ್ಟ್ಜ್. ಲೋಡ್ ಬಿದ್ದಾಗ ವೇಗ ಇಳಿಯುತ್ತೆ, ಅದಕ್ಕೆ ಖಾಲಿ ಇರುವಾಗ ಸ್ವಲ್ಪ ಮೇಲೆ ಇಟ್ಟಿರುತ್ತಾರೆ. ಫ್ಯಾನಿಗೆ ಅದು ಲೆಕ್ಕಕ್ಕಿಲ್ಲ, ಯುಪಿಎಸ್‌ಗೆ ಆಗಲ್ಲ. ನನ್ನ ಯುಪಿಎಸ್ ಹಿಂದೆ ಒಂದು ಸ್ವಿಚ್ ಇದೆ, ಅದನ್ನು ಏರುಪೇರಿನ ಕರೆಂಟನ್ನೂ ಒಪ್ಪುವ ವೈಡ್ ಕಡೆಗೆ ತಳ್ಳಿದ ಮೇಲೆ ಒಪ್ಪಿಕೊಂಡಿತು. ನಿಮ್ಮದರಲ್ಲೂ ಇರಬಹುದು, ಮೊದಲು ಅದನ್ನೇ ನೋಡಿ.

ರಾತ್ರಿ ಒಂಬತ್ತು ಗಂಟೆ ಕಾಲ ಓಡಿಸಿದೆ. ಫ್ರಿಜ್, ಎರಡು ಫ್ಯಾನ್, ಲೈಟ್ ಅಷ್ಟೇ. ಸರಾಸರಿ 320 ವ್ಯಾಟ್. ಕುಡಿದ ಪೆಟ್ರೋಲ್ ಸುಮಾರು 12 ಲೀಟರ್. ಲೋಡ್ ಇರಲಿ ಬಿಡಲಿ, ಅದು 3000 ಸುತ್ತು ತಿರುಗಲೇಬೇಕಲ್ಲ. ಏಳು ಮೀಟರ್ ದೂರದಲ್ಲಿ ಫೋನಿನ ಮೀಟರ್ 74 ಡೆಸಿಬಲ್ ತೋರಿಸಿತು. ಮರುದಿನ ಪಕ್ಕದ ಮನೆಯವರು ಏನೂ ಅನ್ನಲಿಲ್ಲ. ಮಾತೇ ಆಡಲಿಲ್ಲ.

ದಿನ 7 ರಿಂದ 10: ಸುಮ್ನೆ ಅಳತೆ

ಇಷ್ಟಾದ ಮೇಲೆ ಬುದ್ಧಿ ಬಂತು. ಏನೂ ಕೊಳ್ಳದೆ ನಾಲ್ಕು ದಿನ ಬರೀ ಅಳತೆ ಮಾಡಿದೆ. ಸಾಧನ ಎರಡೇ: ಪ್ಲಗ್ಗಿಗೆ ಸಿಕ್ಕಿಸುವ ಎನರ್ಜಿ ಮೀಟರ್, ಮತ್ತು ಇನ್‌ರಶ್ ಬಟನ್ (ಹೊರಡುವ ಕ್ಷಣದ ಕರೆಂಟ್ ಹಿಡಿಯಲು) ಇರುವ, ವಯರನ್ನು ದವಡೆಯಲ್ಲಿ ಹಿಡಿದು ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್. ಎರಡನೆಯದು ಎರವಲು.

ಮೊದಲ ಸಲ ಕ್ಲಾಂಪ್ ಮೀಟರನ್ನು ಫ್ರಿಜ್ ವಯರಿಗೆ ಹಾಗೇ ಹಾಕಿದೆ. 0.0 ಆಂಪ್ ಬಂತು. ಮೀಟರ್ ಕೆಟ್ಟಿದೆ ಅಂತ ಬ್ಯಾಟರಿ ಬದಲಿಸಿದೆ. ಮತ್ತೆ 0.0. ಫೇಸು, ನ್ಯೂಟ್ರಲ್ ಎರಡೂ ದವಡೆಯೊಳಗೆ ಇದ್ದರೆ ಒಂದನ್ನೊಂದು ಹೊಡೆದುಹಾಕುತ್ತವೆ, ಏನೂ ತೋರಿಸಲ್ಲ. ಅದಕ್ಕೆ ಒಂದು ಗಿಡ್ಡ ಎಕ್ಸ್‌ಟೆನ್ಷನ್ ಮಾಡಿಕೊಂಡೆ. ಪ್ಲಗ್ ಕಿತ್ತಿಟ್ಟು, ಹೊರಗಿನ ಹೊದಿಕೆಯನ್ನಷ್ಟೇ ಹತ್ತು ಸೆಂಟಿಮೀಟರ್ ಉದ್ದಕ್ಕೆ ಸೀಳಿ, ಒಳಗಿನ ಮೂರು ತಂತಿಯನ್ನು ಬಿಡಿಸಿಟ್ಟೆ. ಒಳ ತಂತಿಯ ಇನ್ಸುಲೇಷನ್‌ಗೆ ಬ್ಲೇಡ್ ತಾಗಬಾರದು. ತಾಗಿದೆ ಅಂತ ಅನುಮಾನ ಬಂದರೂ ಬಿಸಾಡಿ ಹೊಸದು ಮಾಡಿ.

ಸಿಕ್ಕ ಅಂಕಿ ಹೀಗಿದೆ, ಎಲ್ಲಾ 230 ವೋಲ್ಟಿನಲ್ಲಿ:

ಫ್ರಿಜ್: ಓಡುವಾಗ 140 ವ್ಯಾಟ್, ಹೊರಡುವಾಗ 7.5 ಆಂಪ್.
ಪಂಪ್, 1 ಎಚ್‌ಪಿ: ಓಡುವಾಗ 5.1 ಆಂಪ್, ಹೊರಡುವಾಗ 26.
ಕ್ಯಾಂಪರ್ ಏಸಿ: ಓಡುವಾಗ 6.2 ಆಂಪ್, 1350 ವ್ಯಾಟ್. ಹೊರಡುವಾಗ 28 ಆಂಪ್.
ಮೈಕ್ರೋವೇವ್: ಹೊರಗೆ 700 ವ್ಯಾಟ್ ಅಂತ ಬರೆದಿದೆ, ಗೋಡೆಯಿಂದ ಎಳೆಯುವುದು 1150.
20 ಆಂಪ್ ಬ್ಯಾಟರಿ ಚಾರ್ಜರ್: 350 ವ್ಯಾಟ್.

ಪಂಪಿನ ಲೇಬಲ್ ಮೇಲಿನ 750 ವ್ಯಾಟ್ ಶಾಫ್ಟಿನಲ್ಲಿ ಸಿಗುವ ಶಕ್ತಿ. ಒಂದು ಎಚ್‌ಪಿ ಅಂದರೆ 746 ವ್ಯಾಟ್, ಅದೇ ಅದು. ಗೋಡೆಯಿಂದ ಎಳೆಯುವುದು ಸಾವಿರದ ಮೇಲೆ.

ಫ್ರಿಜ್ ಬಗ್ಗೆ ಇನ್ನೊಂದು. ಒಂದು ಇಡೀ ದಿನ ಮೀಟರ್ ಹಾಕಿಟ್ಟಾಗ ಬೆಳಗಿನ ಜಾವ ಇಪ್ಪತ್ತು ನಿಮಿಷ 310 ವ್ಯಾಟ್ ತೋರಿಸಿತ್ತು. ಕಂಪ್ರೆಸರ್ ನಿಂತಿತ್ತು, ಸದ್ದೇ ಇಲ್ಲ. ಅದು ಡಿಫ್ರಾಸ್ಟ್ ಹೀಟರ್. ಹಿಮ ಕಟ್ಟದ ಫ್ರಿಜ್‌ಗಳಲ್ಲಿ ಮಂಜು ಕರಗಿಸಲು ಒಳಗೇ ಹೀಟರ್ ಇರುತ್ತೆ. ಹತ್ತು ನಿಮಿಷ ಮೀಟರ್ ಹಾಕಿ ನೋಡಿದವರಿಗೆ ಇದು ಕಾಣಲ್ಲ.

ಹಳೆಯ ಪಟ್ಟಿ ಹರಿದುಹಾಕಿ ಎರಡು ಹೊಸ ಪಟ್ಟಿ ಮಾಡಿದೆ. ಮನೆಗೆ: ಫ್ರಿಜ್, ಫ್ಯಾನ್, ಲೈಟ್, ರೌಟರ್, ಲ್ಯಾಪ್‌ಟಾಪ್, ಯುಪಿಎಸ್ ಚಾರ್ಜಿಂಗ್. ಎಲ್ಲಾ ಸೇರಿದರೂ 800 ವ್ಯಾಟ್ ದಾಟಲ್ಲ, ಫ್ರಿಜ್ ಹೊರಡುವ ಕ್ಷಣದಲ್ಲಿ ಮಾತ್ರ ಎರಡು ಸಾವಿರದ ಮೇಲೆ ಹೋಗಬಹುದು. ಕ್ಯಾಂಪರಿಗೆ: ಏಸಿ ಮತ್ತು ಚಾರ್ಜರ್ 1700, ಅಥವಾ ಮೈಕ್ರೋವೇವ್ ಮತ್ತು ಚಾರ್ಜರ್ 1500. ಮೂರೂ ಒಟ್ಟಿಗೆ ಇಲ್ಲ.

ಪಂಪನ್ನು ಪಟ್ಟಿಯಿಂದಲೇ ತೆಗೆದೆ. ಹೊರಡುವಾಗ 26 ಆಂಪ್ ಅಂದರೆ ಸುಮಾರು 6000 ವಿಎ. ದಿನಕ್ಕೆ ಇಪ್ಪತ್ತು ನಿಮಿಷ ಓಡುವ ಒಂದು ಪಂಪಿಗಾಗಿ 80 ಕೆಜಿ ಯಂತ್ರ ಸಾಕುವುದೇ? ಕರೆಂಟ್ ಇದ್ದಾಗಲೇ ಟ್ಯಾಂಕ್ ತುಂಬಿಸಿಟ್ಟುಕೊಂಡರೆ ಆಯ್ತು. ಇಡೀ ಪ್ರಾಜೆಕ್ಟಿನಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅಂದರೆ ಇದೊಂದೇ ಅನ್ನಿಸುತ್ತೆ.

ದಿನ 13: ಆಯ್ಕೆ

ಉಳಿದಿದ್ದು 2 ಕಿಲೋವ್ಯಾಟ್ ವರ್ಗದ ಇನ್ವರ್ಟರ್ ಜನರೇಟರ್. ಇದರಲ್ಲಿ ಎಂಜಿನ್ ಎಷ್ಟೇ ವೇಗದಲ್ಲಿ ತಿರುಗಲಿ, ಒಳಗೆ ಅದನ್ನು ಬ್ಯಾಟರಿಯದ್ದರಂಥ ಡಿಸಿ ಕರೆಂಟ್ ಮಾಡಿ, ಮತ್ತೆ ಮೇನ್ಸ್‌ನಂಥ ಶುದ್ಧ 50 ಹರ್ಟ್ಜ್ ಕರೆಂಟ್ ಮಾಡಿ ಕೊಡುತ್ತೆ. ಲೋಡ್ ಕಡಿಮೆ ಇದ್ದರೆ ಎಂಜಿನ್ ನಿಧಾನ. ಪೆಟ್ರೋಲ್ ಉಳಿತಾಯ, ಸದ್ದು ಕಡಿಮೆ. ತೂಕ 21 ಕೆಜಿ ಆಸುಪಾಸು, ಒಬ್ಬನೇ ಎತ್ತಬಹುದು.

ಮಾದರಿಯ ಹೆಸರಿನ ಅಂಕಿ ನಂಬಬೇಡಿ. ಹೆಚ್ಚಿನ ಕಂಪನಿಗಳು ಗರಿಷ್ಠವನ್ನೇ ಹೆಸರಿಗೆ ಹಾಕುತ್ತವೆ. ಹೋಂಡಾ ಇಯು22ಐ ಅಂದರೆ 2200 ವ್ಯಾಟ್ ಗರಿಷ್ಠ, ಸತತವಾಗಿ 1800. ಬ್ರೋಷರಿನಲ್ಲಿ ಎರಡೂ ಇರುತ್ತೆ, ಸತತ ಅನ್ನುವುದನ್ನೇ ಹಿಡಿಯಬೇಕು. ನನ್ನ 1700 ಅದರೊಳಗೆ ಕೂರುತ್ತೆ. ಬರೀ 100 ವ್ಯಾಟ್ ಬಿಟ್ಟು.

ಬೇರೆ ದಾರಿಗಳನ್ನೂ ನೋಡಿದೆ. 1 ಕಿಲೋವ್ಯಾಟಿನ 13 ಕೆಜಿ ಯಂತ್ರ ಮುದ್ದಾಗಿದೆ, ಫ್ರಿಜ್ ಹೊರಡುವ ಕ್ಷಣಕ್ಕೇ ಉಸಿರು ಬಿಡುತ್ತೆ. ಎಲ್‌ಪಿಜಿಯಲ್ಲೂ ಓಡುವ ಡ್ಯುಯಲ್ ಫ್ಯೂಯಲ್ ಮಾದರಿ ನಿಜಕ್ಕೂ ಆಸೆ ಹುಟ್ಟಿಸಿತು. ಗ್ಯಾಸ್ ಎಷ್ಟು ವರ್ಷ ಇಟ್ಟರೂ ಕೆಡಲ್ಲ. ಆದರೆ ಎಲ್‌ಪಿಜಿಯಲ್ಲಿ ಶಕ್ತಿ ಸುಮಾರು ಹತ್ತನೇ ಒಂದು ಭಾಗ ಕಡಿಮೆ, ನನ್ನ ಹತ್ತಿರ ಬಿಟ್ಟುಕೊಡಲು ಅಷ್ಟು ಇರಲಿಲ್ಲ. ಏಸಿ ಬೇಡ ಅನ್ನುವವರು ಅದನ್ನೇ ತಗೊಳ್ಳಿ ಅಂತೀನಿ. ಬರೀ ಬ್ಯಾಟರಿಯ ಪವರ್ ಸ್ಟೇಷನ್ ಒಂದು ರಾತ್ರಿಗೆ ಚೆನ್ನಾಗಿದೆ. ಎರಡನೇ ರಾತ್ರಿಗೆ ಅದನ್ನು ಚಾರ್ಜ್ ಮಾಡಲು ಮತ್ತೆ ಜನರೇಟರೇ ಬೇಕು.

ದಿನ 15: ಹಳೇ ಯಂತ್ರ ತಂದೆ, ಮೋಸ ಹೋದೆ

ಹೊಸದರ ಅರ್ಧ ಬೆಲೆಗೆ ಒಂದು ಬಳಸಿದ ಯಂತ್ರ ಸಿಕ್ಕಿತು. ಮಾರುವವರ ಮನೆಗೆ ಹೋದಾಗ ಒಂದೇ ಎಳೆತಕ್ಕೆ ಸ್ಟಾರ್ಟ್ ಆಯಿತು. ಮೆಚ್ಚಿಕೊಂಡು ದುಡ್ಡು ಕೊಟ್ಟೆ. ಸೈಲೆನ್ಸರ್ ಹತ್ತಿರ ಕೈ ಇಟ್ಟು ನೋಡಬೇಕಿತ್ತು. ನಾನು ಬರುವ ಮುಂಚೆಯೇ ಅರ್ಧ ಗಂಟೆ ಓಡಿಸಿ ಬಿಸಿ ಮಾಡಿಟ್ಟಿದ್ದರು ಅಂತ ಈಗ ಅನುಮಾನ. ಬಿಸಿ ಎಂಜಿನ್ ಎಲ್ಲವನ್ನೂ ಮುಚ್ಚಿಹಾಕುತ್ತೆ.

ಮರುದಿನ ಬೆಳಿಗ್ಗೆ ತಣ್ಣಗಿದ್ದಾಗ ಹದಿನಾರು ಸಲ ಎಳೆದೆ. ಹದಿನೇಳಕ್ಕೆ ಹತ್ತಿಕೊಂಡಿತು. ಒಳಹೋಗುವ ಗಾಳಿ ತಡೆಯುವ ಚೋಕ್ ಅರ್ಧ ಎಳೆದಿದ್ದರೆ ಮಾತ್ರ ಓಡುತ್ತೆ. ಚೋಕ್ ತೆಗೆದರೆ ವ್ರೂಂ-ವ್ವ್-ವ್ರೂಂ-ವ್ವ್ ಅಂತ ಉಸಿರೆಳೆದುಕೊಳ್ಳುತ್ತೆ. ಮೆಕ್ಯಾನಿಕ್‌ಗಳು ಇದಕ್ಕೆ ಹಂಟಿಂಗ್ ಅಂತಾರೆ. ಪೆಟ್ರೋಲ್ ಸಾಲದೆ ಗಾಳಿ ಜಾಸ್ತಿ ಆಗಿದೆ ಅಂತ ಅರ್ಥ. ಚೋಕ್ ಹಾಕಿದಾಗ ಸರಿಹೋಗುವುದೇ ಅದಕ್ಕೆ ಸಾಕ್ಷಿ. ಟ್ಯಾಂಕ್ ಮುಚ್ಚಳ ತೆಗೆದು ಮೂಸಿದೆ. ಪೆಟ್ರೋಲ್ ವಾಸನೆಯೇ ಅಲ್ಲ, ಹಳೇ ವಾರ್ನಿಷ್ ಡಬ್ಬಿ.

ದಿನ 16: ಕಾರ್ಬ್ಯುರೇಟರ್, ಮೊದಲ ಪ್ರಯತ್ನ

ಬೇಕಾದ್ದು: 8 ಮತ್ತು 10 ಎಂಎಂ ಸ್ಪಾನರ್, ಚಪ್ಪಟೆ ಮತ್ತು ಫಿಲಿಪ್ಸ್ ಸ್ಕ್ರೂಡ್ರೈವರ್, ಕಾರ್ಬ್ ಕ್ಲೀನರ್ ಸ್ಪ್ರೇ, ಒಂದು ತಟ್ಟೆ, ಕಣ್ಣಿಗೆ ಕನ್ನಡಕ. ಕನ್ನಡಕ ಯಾಕೆ ಅಂದರೆ ಒಂದು ತೂತಿಗೆ ಸ್ಪ್ರೇ ಹೊಡೆದರೆ ಇನ್ನೊಂದು ತೂತಿಂದ ನೇರ ಮುಖಕ್ಕೆ ಬರುತ್ತೆ. ಬಂತು.

ಹಳೇ ಪೆಟ್ರೋಲ್ ಬಸಿದೆ. ಪಕ್ಕದ ಕವರ್, ಏರ್ ಫಿಲ್ಟರ್ ಡಬ್ಬಿ ತೆಗೆದೆ. ಪ್ರತಿ ಹಂತಕ್ಕೂ ಒಂದು ಫೋಟೋ. ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬ್ಯುರೇಟರಿನ ಕೆಳಗಿನ ಬೌಲ್ ಬೋಲ್ಟ್ ಬಿಚ್ಚಿದರೆ ಒಳಗೆ ಜೇನಿನ ಬಣ್ಣದ ಅಂಟು. ಉಗುರಲ್ಲಿ ಕೆರೆದರೆ ಹಾಳೆಯಂತೆ ಎದ್ದು ಬರುತ್ತಿತ್ತು. ನಡುವಿನ ಮೇನ್ ಜೆಟ್ (ಪೆಟ್ರೋಲ್ ಹಾದುಹೋಗುವ ಸಣ್ಣ ತೂತಿನ ತಿರುಪು) ಬಿಚ್ಚಿ ಬೆಳಕಿಗೆ ಹಿಡಿದೆ. ಸೂಜಿ ಮೊನೆಯಷ್ಟು ತೂತು ಕಾಣಬೇಕಿತ್ತು, ಕಾಣಲಿಲ್ಲ. ವಯರಿನ ಒಂದು ಎಳೆ ತಾಮ್ರ ತೂರಿಸಿ ಮೆಲ್ಲಗೆ ಬಿಡಿಸಿದೆ. ಉಕ್ಕಿನ ಸೂಜಿ ಹಾಕಬಾರದು, ಜೆಟ್ ಹಿತ್ತಾಳೆಯದು, ತೂತು ದೊಡ್ಡದಾದರೆ ಮುಗೀತು. ಬೆಳಕಿನ ಚುಕ್ಕಿ ಕಂಡಿತು.

ಜೋಡಿಸಿದೆ, ಎಳೆದೆ. ಎರಡೇ ಎಳೆತಕ್ಕೆ ಸ್ಟಾರ್ಟ್. 1000 ವ್ಯಾಟ್ ಹೀಟರ್ ಹಾಕಿದರೆ ಗಟ್ಟಿಯಾಗಿ ಓಡಿತು. ಹೀಟರ್ ತೆಗೆದು, ಲೋಡ್ ಕಡಿಮೆ ಇದ್ದಾಗ ಎಂಜಿನ್ ನಿಧಾನ ಮಾಡುವ ಇಕೋ ಸ್ವಿಚ್ ಹಾಕಿದೆ. ವ್ರೂಂ-ವ್ವ್-ವ್ರೂಂ-ವ್ವ್.

ದಿನ 18: ಎರಡನೇ ಪ್ರಯತ್ನ

ಮೊದಲ ಸಲ ಏನು ತಪ್ಪಿತು? ಮೇನ್ ಜೆಟ್ ನೋಡಿಕೊಳ್ಳುವುದು ಲೋಡ್ ಇರುವಾಗ. ನಿಧಾನ ವೇಗದಲ್ಲಿ ಪೆಟ್ರೋಲ್ ಕೊಡುವುದು ಇನ್ನೊಂದು ಪುಟ್ಟ ಪೈಲಟ್ ಜೆಟ್. ಅದು ಮೇಲ್ಗಡೆ, ಕಪ್ಪು ಪ್ಲಾಸ್ಟಿಕ್ ಟೋಪಿಯ ಕೆಳಗೆ ಅಡಗಿತ್ತು. ಮೊದಲ ಸಲ ಅದನ್ನು ಬರೀ ಸ್ಕ್ರೂ ಅಂದುಕೊಂಡು ಮುಟ್ಟಿರಲಿಲ್ಲ.

ಪೂರ್ತಿ ಕಾರ್ಬ್ಯುರೇಟರ್ ಹೊರಗೆ ತೆಗೆದೆ. ಪೈಲಟ್ ಜೆಟ್‌ನ ತೂತು ತಲೆಗೂದಲಿನ ಗಾತ್ರ, ತಾಮ್ರದ ಎಳೆಯೂ ಹೋಗಲಿಲ್ಲ. ರಾತ್ರಿಯಿಡೀ ಕ್ಲೀನರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಗಾಳಿ ಪಂಪಿನಲ್ಲಿ ಊದಿದೆ. ಮೂರನೇ ಸಲಕ್ಕೆ ಕಂದು ಬಣ್ಣದ ಒಂದು ಹನಿ ಹಾರಿಹೋಗಿ ತೂತು ಬಿಟ್ಟುಕೊಂಡಿತು. ಮೇನ್ ಜೆಟ್ ಮೇಲಿನ ಕೊಳವೆಯ ಪಕ್ಕದ ತೂತುಗಳನ್ನೂ ತೆರವು ಮಾಡಿದೆ. ಬೌಲಿನ ರಬ್ಬರ್ ರಿಂಗ್ ಪೆಟ್ರೋಲ್ ಕುಡಿದು ಉಬ್ಬಿತ್ತು, ವಾಪಸ್ ಅದರ ಜಾಗದಲ್ಲಿ ಕೂರಲಿಲ್ಲ. ಹೊಸದಕ್ಕೆ ಎರಡು ದಿನ ಕಾಯಬೇಕಾಯಿತು. ಬಿಚ್ಚುವ ಮುಂಚೆಯೇ ಒಂದು ರಿಂಗ್ ತರಿಸಿಟ್ಟುಕೊಳ್ಳಿ.

ಜೋಡಿಸಿದ ಮೇಲೆ ಮೊದಲ ಎಳೆತಕ್ಕೇ ಹತ್ತಿತು. ಇಕೋದಲ್ಲಿ ಹೊಲಿಗೆ ಯಂತ್ರದಂತೆ ಸಮನಾಗಿ ಓಡಿತು. ಆಯಿಲ್ ಬದಲಿಸಿದೆ, 10ಡಬ್ಲ್ಯೂ-30, ಅರ್ಧ ಲೀಟರಿಗಿಂತ ಕಡಿಮೆಯೇ ಹಿಡಿಯಿತು. ಹಳೇ ಆಯಿಲ್ ಇದ್ದಿಲು ಕಲಸಿದ ಹಾಗಿತ್ತು. ಹೊಸ ಎಂಜಿನ್ ಆದರೆ ಮೊದಲ 20 ಗಂಟೆಗೆ ಒಮ್ಮೆ, ಆಮೇಲೆ 100 ಗಂಟೆಗೊಮ್ಮೆ ಬದಲಿಸಿ ಅಂತ ಇಂಥ ಸಣ್ಣ ಎಂಜಿನ್‌ಗಳ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಇರುತ್ತೆ. ಇದರ ಹಿಂದಿನ ಯಜಮಾನರು ಒಮ್ಮೆಯೂ ಬದಲಿಸಿದಂತಿರಲಿಲ್ಲ.

ದಿನ 21: ಪೂರ್ತಿ ಲೋಡ್, ಕರಗಿದ ರೀಲ್

ಹೀಟರ್ ಮತ್ತು ಇಸ್ತ್ರಿಪೆಟ್ಟಿಗೆ ಸೇರಿಸಿ 1800 ವ್ಯಾಟ್ ಮಾಡಿದೆ. ಒಂದು ಗಂಟೆ ಓಡಿಸಬೇಕು ಅಂತ ಯೋಜನೆ. ಜನರೇಟರ್ ದೂರದಲ್ಲಿ, ನಡುವೆ ಮನೆಯಲ್ಲಿದ್ದ 30 ಮೀಟರ್ ಕೇಬಲ್ ರೀಲ್. ಎಂಟು ಮೀಟರ್ ಮಾತ್ರ ಬಿಚ್ಚಿದ್ದೆ, ಉಳಿದಿದ್ದು ರೀಲಿನಲ್ಲೇ ಸುತ್ತಿತ್ತು.

ನಲವತ್ತನೇ ನಿಮಿಷಕ್ಕೆ ಬಿಸಿ ಪ್ಲಾಸ್ಟಿಕ್ ವಾಸನೆ ಬಂತು. ಜನರೇಟರ್ ಸುಟ್ಟಿತು ಅಂತ ಓಡಿದೆ. ಅದು ಆರಾಮಾಗಿತ್ತು. ಸುಡುತ್ತಿದ್ದದ್ದು ರೀಲ್. ಒಳ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

ಆಮೇಲೆ ಕೂತು ಲೆಕ್ಕ ಹಾಕಿದೆ. 1 ಚದರ ಎಂಎಂ ತಂತಿಯ ರೆಸಿಸ್ಟೆನ್ಸ್ ಕಿಲೋಮೀಟರಿಗೆ ಸುಮಾರು 19.5 ಓಮ್. ಹೋಗಿ ಬರಲು 60 ಮೀಟರ್, ಅಂದರೆ 1.17 ಓಮ್. 8 ಆಂಪ್ ಹರಿದರೆ ಕೇಬಲ್ಲಿನೊಳಗೇ 75 ವ್ಯಾಟ್ ಬಿಸಿ. ಅದರಲ್ಲಿ ಮುಕ್ಕಾಲು ಪಾಲು ಗಾಳಿಯಾಡದ ಆ ಸುರುಳಿಯೊಳಗೆ. ಹಳೇ ಕಾಲದ ಬಲ್ಬನ್ನು ಬಟ್ಟೆಯಲ್ಲಿ ಸುತ್ತಿಟ್ಟ ಹಾಗೆ. ರೀಲ್ ಪೂರ್ತಿ ಬಿಚ್ಚಿ ಬಳಸಿ ಅಂತ ಅದರ ಮೇಲೇ ಬರೆದಿತ್ತು, ಓದಿರಲಿಲ್ಲ.

2.5 ಚದರ ಎಂಎಂ ಕೇಬಲ್, 25 ಮೀಟರ್ ತಂದೆ. ಬಿಸಿಯೂ ಇಲ್ಲ, ವೋಲ್ಟೇಜ್ ಇಳಿತ 8 ಆಂಪಿಗೆ ಮೂರೂಕಾಲು ವೋಲ್ಟ್ ಅಷ್ಟೇ. ಒಂದು ಗಂಟೆಯ ಪರೀಕ್ಷೆ ಮತ್ತೆ ಮಾಡಿದೆ. ಜನರೇಟರ್ ಕೊನೆಯವರೆಗೂ 50.0 ಹರ್ಟ್ಜ್, ಅಲ್ಲಾಡಲಿಲ್ಲ. ಯುಪಿಎಸ್ ನಾರೋ ಕಡೆಯಲ್ಲೇ ಒಪ್ಪಿಕೊಂಡಿತು. ಒಂದೇ ಟಿಕ್.

ದಿನ 24: ಮನೆಗೆ ಜೋಡಣೆ

ಇದನ್ನು ನಾನು ಮಾಡಲಿಲ್ಲ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಮಾಡಿದರು. ನಡುವೆ ಆಫ್ ಇರುವ, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕತ್ತರಿಸುವ ಚೇಂಜ್‌ಓವರ್ ಸ್ವಿಚ್. ಮೇಲೆ ಮೇನ್ಸ್, ಕೆಳಗೆ ಜನರೇಟರ್, ಎರಡೂ ಒಟ್ಟಿಗೆ ಸೇರಲು ಸಾಧ್ಯವೇ ಇಲ್ಲ.

ಎರಡು ತುದಿಗೂ ಗಂಡು ಪ್ಲಗ್ ಇರುವ ವಯರ್ ಮಾಡಿ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವವರನ್ನು ನೋಡಿದ್ದೇನೆ. ಸಿಕ್ಕಿಸುವ ಮುಂಚೆ ಇನ್ನೊಂದು ತುದಿಯ ಪಿನ್ನಿನಲ್ಲಿ ಜೀವಂತ ಕರೆಂಟ್ ಇರುತ್ತೆ. ಮೇನ್ ಸ್ವಿಚ್ ಆಫ್ ಮಾಡಲು ಮರೆತರೆ ಆ ಕರೆಂಟ್ ಬೀದಿಯ ಟ್ರಾನ್ಸ್‌ಫಾರ್ಮರಿಗೆ ಹಿಂದಿನಿಂದ ಹೋಗಿ ಸಾವಿರಾರು ವೋಲ್ಟ್ ಆಗುತ್ತೆ. ಕಂಬದ ಮೇಲೆ ಲೈನ್‌ಮನ್ ಇರುತ್ತಾರೆ. ಬೇಡ.

ದಿನ 27: ಕ್ಯಾಂಪರ್ ಒಪ್ಪಲಿಲ್ಲ

ಕ್ಯಾಂಪರಿಗೆ ಜೋಡಿಸಿದ ತಕ್ಷಣ ಅದರ ಪ್ರೊಟೆಕ್ಷನ್ ಪೆಟ್ಟಿಗೆ ಕೆಂಪು ದೀಪ ಹಾಕಿ ಅರ್ಥ್ ಇಲ್ಲ ಅಂತ ತೋರಿಸಿತು. ಟೆಸ್ಟರ್ ಸ್ಕ್ರೂಡ್ರೈವರ್ ಚುಚ್ಚಿ ನೋಡಿದೆ. ಸಾಕೆಟ್ಟಿನ ಎರಡೂ ತೂತಿನಲ್ಲಿ ಮಂದವಾಗಿ ಮಿಣುಕಿತು. ಮೀಟರಿನಲ್ಲಿ ಒಂದರಿಂದ ಅರ್ಥ್‌ಗೆ 114 ವೋಲ್ಟ್, ಇನ್ನೊಂದರಿಂದ 116. ಎರಡರ ನಡುವೆ 230.

ಕೆಟ್ಟಿದ್ದಲ್ಲ. ಇಂಥ ಹೆಚ್ಚಿನ ಇನ್ವರ್ಟರ್ ಜನರೇಟರ್‌ಗಳಲ್ಲಿ ನ್ಯೂಟ್ರಲ್ ಯಾವುದಕ್ಕೂ ಕಟ್ಟಿರಲ್ಲ, ತೇಲುತ್ತಿರುತ್ತೆ. ಹಾಗೆ ತೇಲುತ್ತಿದ್ದರೆ, ಕರೆಂಟ್ ಸೋರಿದಾಗ ತಕ್ಷಣ ಕತ್ತರಿಸಬೇಕಾದ ಕ್ಯಾಂಪರಿನ ಆರ್‌ಸಿಡಿ ಸರಿಯಾಗಿ ಕಾಪಾಡಲ್ಲ. ಮೊದಲ ಲೀಕೇಜ್ ಆದಾಗ ಕರೆಂಟ್ ವಾಪಸ್ ಹೋಗಲು ದಾರಿಯೇ ಇರಲ್ಲ, ಅದಕ್ಕೆ ಗೊತ್ತೇ ಆಗಲ್ಲ. ಪರಿಹಾರ ಒಂದು ಪ್ಲಗ್. ಒಳಗೆ ನ್ಯೂಟ್ರಲ್ ಮತ್ತು ಅರ್ಥ್ ಪಿನ್ನಿಗೆ ಒಂದು ಗಿಡ್ಡ ತಂತಿ, ಅಷ್ಟೇ. ಅದೇ ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಿ, ಜನರೇಟರಿನ ಖಾಲಿ ಇರುವ ಎರಡನೇ ಸಾಕೆಟ್ಟಿಗೆ ಹಾಕಿದೆ. ಕೆಂಪು ದೀಪ ಹೋಯಿತು, ಆರ್‌ಸಿಡಿ ಟೆಸ್ಟರಿನಲ್ಲಿ ಪರೀಕ್ಷೆ ಮಾಡಿದಾಗ ಸರಿಯಾಗಿ ಬಿತ್ತು.

ಪ್ಲಗ್ಗಿಗೆ ಹಳದಿ ಟೇಪ್ ಸುತ್ತಿ "ಕ್ಯಾಂಪರಿಗೆ ಮಾತ್ರ" ಅಂತ ಬರೆದಿದ್ದೇನೆ. ಮನೆಯ ಕಡೆ ಎಲೆಕ್ಟ್ರಿಷಿಯನ್ ಈ ಜೋಡಣೆಯನ್ನು ಬೇರೆಯಾಗಿ ಮಾಡಿದ್ದಾರೆ. ಎರಡೂ ಕಡೆ ಇದ್ದರೆ ನ್ಯೂಟ್ರಲ್ ಕರೆಂಟ್ ಅರ್ಥ್ ತಂತಿಯಲ್ಲೂ ಹರಿಯಲು ಶುರುವಾಗುತ್ತೆ.

ದಿನ 30: ಏಸಿ

28 ಆಂಪ್ ಕೇಳುವ ಏಸಿಯನ್ನು ಹಾಗೇ ಹಾಕಿದರೆ ಏನಾಗುತ್ತೆ ಅಂತ ಗೊತ್ತಿದ್ದೂ ಹಾಕಿದೆ. ಓವರ್‌ಲೋಡ್ ದೀಪ, ಔಟ್‌ಪುಟ್ ಬಂದ್, ಎಂಜಿನ್ ಮಾತ್ರ ಓಡುತ್ತಲೇ ಇತ್ತು.

ಏಸಿ ಕಂಪ್ರೆಸರಿಗೆ ಸಾಫ್ಟ್ ಸ್ಟಾರ್ಟರ್ ಹಾಕಿದೆ. ಕಂಪ್ರೆಸರ್ ಮೆಲ್ಲಗೆ ಹೊರಡುವಂತೆ ಮಾಡುವ, ನಾಲ್ಕು ತಂತಿ ಇರುವ ಪುಟ್ಟ ಪೆಟ್ಟಿಗೆ. ಕೆಪಾಸಿಟರ್ ಡಿಸ್ಚಾರ್ಜ್ ಮಾಡದೆ ಮುಟ್ಟಬೇಡಿ. ನನ್ನ ಮಾದರಿ ಮೊದಲ ಐದು ಸ್ಟಾರ್ಟ್‌ಗಳಲ್ಲಿ ಕಂಪ್ರೆಸರಿನ ನಡತೆ ಕಲಿಯುತ್ತೆ, ಅದನ್ನು ಮೇನ್ಸ್‌ನಲ್ಲೇ ಮಾಡಿಸಬೇಕು. ಆಮೇಲೆ ಕ್ಲಾಂಪ್ ಹಾಕಿದರೆ 28 ಇದ್ದದ್ದು 9ಕ್ಕೆ ಇಳಿದಿತ್ತು.

ಖುಷಿಯಿಂದ ಜನರೇಟರಿಗೆ ಹಾಕಿದೆ. ಮತ್ತೆ ಓವರ್‌ಲೋಡ್! ಇಕೋ ಸ್ವಿಚ್ ಆನ್ ಇತ್ತು. ಎಂಜಿನ್ ತೂಕಡಿಸುತ್ತಿರುವಾಗ 2000 ವಿಎ ಕೇಳಿದರೆ ಅದು ಎದ್ದು ಬರುವಷ್ಟರಲ್ಲಿ ಹೊತ್ತು ಮೀರಿರುತ್ತೆ. ಇಕೋ ಆಫ್ ಮಾಡಿ, ಚಾರ್ಜರ್ ಕಿತ್ತು, ಏಸಿ ಹೊರಟ ಮೇಲೆ ಚಾರ್ಜರ್ ಹಾಕಿದರೆ ಎಲ್ಲಾ ಸರಿ. ಈ ಕ್ರಮವನ್ನು ಬಾಗಿಲಿನ ಒಳಗೆ ಚೀಟಿ ಅಂಟಿಸಿದ್ದೇನೆ.

ಜನರೇಟರಿನಲ್ಲಿ 12 ವೋಲ್ಟ್ ಡಿಸಿ ಸಾಕೆಟ್ ಕೂಡ ಇದೆ. ಅದರಿಂದ ಕ್ಯಾಂಪರ್ ಬ್ಯಾಟರಿ ಚಾರ್ಜ್ ಮಾಡೋಣ ಅಂತ ಒಂದು ಸಲ ನೋಡಿದೆ. 8 ಆಂಪ್ ಕೂಡ ಬರಲಿಲ್ಲ, ನಿಯಂತ್ರಣವೂ ಇಲ್ಲ. 230 ವೋಲ್ಟಿನ ಚಾರ್ಜರೇ ಸರಿ.

ದಿನ 33 ರಿಂದ 36: ಬೆಟ್ಟದ ಮೇಲೆ

2000 ಮೀಟರ್ ಎತ್ತರದಲ್ಲಿ ಮೂರು ರಾತ್ರಿ. ಅಲ್ಲಿ ಏಸಿ ಯಾರಿಗೆ ಬೇಕು? ಆದರೆ ಮೈಕ್ರೋವೇವ್ ಮತ್ತು ಚಾರ್ಜರ್ ಸೇರಿ 1500 ಹಾಕಿದರೂ ಓವರ್‌ಲೋಡ್ ಬಿತ್ತು. ಗಾಳಿ ತೆಳುವಾದಷ್ಟೂ ಎಂಜಿನ್ ಶಕ್ತಿ ಕಡಿಮೆ. ಪ್ರತಿ 300 ಮೀಟರಿಗೆ ಸುಮಾರು 3.5 ಶೇಕಡ ಹೋಗುತ್ತೆ. 2000 ಮೀಟರಿನಲ್ಲಿ ನನ್ನ 1800 ಉಳಿಯುವುದು 1380ರ ಹತ್ತಿರ. ಒಂದಾದ ಮೇಲೆ ಒಂದು ಓಡಿಸಿದೆವು.

ಎರಡನೇ ರಾತ್ರಿಯದ್ದು ಹೇಳಲೇಬೇಕು. ಮಳೆ ಹನಿಯುತ್ತಿತ್ತು. ಜನರೇಟರ್ ನೆನೆಯಬಾರದು ಅಂತ ವ್ಯಾನಿನ ಪಕ್ಕದ ಶಾಮಿಯಾನದ ಅಂಚಿಗೆ, ಮೂರು ಮೀಟರ್ ದೂರಕ್ಕೆ ತಂದಿಟ್ಟೆ. ಹೊಗೆ ಆಚೆ ಕಡೆಗೆ ಹೋಗುತ್ತಿತ್ತು. ಇಪ್ಪತ್ತು ನಿಮಿಷದಲ್ಲಿ ಗಾಳಿ ತಿರುಗಿತು. ಒಳಗೆ ಯಾರಿಗೂ ವಾಸನೆ ಬರಲಿಲ್ಲ. ಹಾಸಿಗೆ ಸರಿ ಮಾಡುವಾಗ ಕಾರ್ಬನ್ ಮಾನಾಕ್ಸೈಡ್ (ಹೊಗೆಯಲ್ಲಿರುವ, ವಾಸನೆಯಿಲ್ಲದ ವಿಷಾನಿಲ) ಅಲಾರಂ ಕಡೆ ಸುಮ್ನೆ ಕಣ್ಣು ಹೋಯಿತು. 38 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ 38 ಪಾಲು. ಅದು ಇನ್ನೂ ಕೂಗಿರಲಿಲ್ಲ. ಆ ಮಟ್ಟಕ್ಕೆ ಅದು ಬೇಗ ಕೂಗುವುದೂ ಇಲ್ಲ. ಅಂಕಿ ತೋರಿಸುವ ಪರದೆ ಇಲ್ಲದ ಅಗ್ಗದ ಅಲಾರಂ ತಂದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಎಲ್ಲರನ್ನೂ ಮಳೆಯಲ್ಲೇ ಹೊರಗೆ ಕರೆದು, ಎಂಜಿನ್ ನಿಲ್ಲಿಸಿ, ಬಾಗಿಲು ಕಿಟಕಿ ತೆರೆದಿಟ್ಟೆ. ಆಮೇಲಿಂದ 25 ಮೀಟರ್ ಕೇಬಲ್ ಪೂರ್ತಿ ಬಿಚ್ಚುತ್ತೇನೆ. ಆರು ಮೀಟರ್ ಕನಿಷ್ಠ ಅಂತಾರೆ, ನನಗೆ ಅದೂ ಸಾಲದು. ಮಳೆ ಬಂದರೆ ನಾಲ್ಕೂ ಕಡೆ ತೆರೆದಿರುವ ಸಣ್ಣ ಗೂಡು ಅದರ ಮೇಲೆ ಬರುತ್ತೆ, ಅದು ನಮ್ಮ ಹತ್ತಿರ ಬರಲ್ಲ.

ದಿನ 40: ಮನೆಯಲ್ಲಿ ನಿಜವಾದ ಪರೀಕ್ಷೆ

ಕರೆಂಟ್ ರಾತ್ರಿ ಹೋಯಿತು. ಒಂಬತ್ತು ಗಂಟೆ ಕಾಲ, ಮೊದಲ ಸಲದಷ್ಟೇ. ಅದೇ ಫ್ರಿಜ್, ಎರಡು ಫ್ಯಾನ್, ಲೈಟ್. ಶುರುವಿಗೂ ಕೊನೆಗೂ ಜನರೇಟರನ್ನು ತೂಕದ ಯಂತ್ರದ ಮೇಲೆ ಇಟ್ಟೆ. 2.4 ಕೆಜಿ ಕಡಿಮೆಯಾಗಿತ್ತು. ಪೆಟ್ರೋಲ್ ಲೀಟರಿಗೆ ಮುಕ್ಕಾಲು ಕೆಜಿಗಿಂತ ತುಸು ಕಡಿಮೆ ತೂಗುತ್ತೆ, ಅಂದರೆ ಸುಮಾರು 3.3 ಲೀಟರ್. ದೈತ್ಯ ಕುಡಿದದ್ದು 12. ಏಳು ಮೀಟರಿನಲ್ಲಿ 58 ಡೆಸಿಬಲ್. ಪಕ್ಕದ ಮನೆಯವರು ಬೆಳಿಗ್ಗೆ ಬಂದು ಫೋನ್ ಚಾರ್ಜ್ ಮಾಡಿಕೊಂಡು ಹೋದರು.

ಖರ್ಚಿನ ಲೆಕ್ಕ. ಜನರೇಟರಿಗೆ ಕೊಟ್ಟದ್ದು 100 ಅಂದುಕೊಂಡರೆ: ಸಾಫ್ಟ್ ಸ್ಟಾರ್ಟರ್ 40, ಚೇಂಜ್‌ಓವರ್ ಮತ್ತು ಕೂಲಿ 25, ದಪ್ಪ ಕೇಬಲ್ 12, ಅಲಾರಂ 6, ಕಾರ್ಬ್ಯುರೇಟರ್ ರಿಪೇರಿ ಸಾಮಾನು ಮತ್ತು ಆಯಿಲ್ 5, ಸುಟ್ಟ ರೀಲ್ 5. ಒಟ್ಟು 193. ಹೊಸ ಜನರೇಟರೇ 200 ಆಗುತ್ತಿತ್ತು, ಆದರೆ ಈ ಬಾಲಂಗೋಚಿಗಳೆಲ್ಲಾ ಅದಕ್ಕೂ ಬೇಕಾಗುತ್ತಿದ್ದವು.

ಈಗ ನಿಲ್ಲಿಸುವಾಗ ಪ್ರತಿ ಸಲ ಪೆಟ್ರೋಲಿನ ನಲ್ಲಿ ಮುಚ್ಚಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಖಾಲಿಯಾಗಿ ಎಂಜಿನ್ ತಾನೇ ನಿಲ್ಲುವವರೆಗೆ ಬಿಡುತ್ತೇನೆ. ತಿಂಗಳಿಗೊಮ್ಮೆ ಹದಿನೈದು ನಿಮಿಷ ಹೀಟರ್ ಹಾಕಿ ಓಡಿಸುತ್ತೇನೆ. ಬಿಸಿ ಎಂಜಿನಿಗೆ ಪೆಟ್ರೋಲ್ ತುಂಬಿಸುವ ಮುಂಚೆ ಹದಿನೈದು ನಿಮಿಷ ಕಾಯುತ್ತೇನೆ, ಫ್ರಿಜ್ ಅಷ್ಟು ಹೊತ್ತು ತಡೆಯುತ್ತೆ.

ಬಾಕಿ ಇರುವ ಕೆಲಸ ಒಂದೇ. ಎಳೆಯುವ ಹಗ್ಗ ಹಿಡಿಯ ಹತ್ತಿರ ಎಳೆ ಬಿಟ್ಟಿದೆ. ಆ ಹದಿನಾರು ಎಳೆತದ ಫಲ. ಹೊಸ ಹಗ್ಗ ಮೇಜಿನ ಮೇಲಿದೆ, ಸ್ಪ್ರಿಂಗ್ ಬಿಚ್ಚಲು ಇನ್ನೂ ಧೈರ್ಯ ಬಂದಿಲ್ಲ.